ಅಮುಂಡ್ ಮಂತ್ರಿಯಾದ ವರ್ಷ

ಜುಲೈ ೩, ೧೮೮೪, ಗುರುವಾರ

ರಾಜಧಾನಿ ಕ್ರಿಸ್ತಿಯಾನಿಯಾದಿಂದ ತಂತಿ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದರ ಹೊತ್ತಿಗೆ ಲೇರ್ವೋಗ್ ಊರಿನ ಅಷ್ಟೂ ಮನೆಗಳ ಮೇಲೆ ಬಾವುಟ ಏರಿತ್ತು. ನಮ್ಮ ಮನೆಯ ಮೇಲೂ. ನನ್ನ ಹೆಂಡತಿ ಥೆಯಾ ನನ್ನನ್ನೊಂದು ಮಾತು ಕೇಳದೆ ಏರಿಸಿಬಿಟ್ಟಿದ್ದಳು.

ಅಮುಂಡ್ ರೋಸ್ವಿಕ್ ಯುದ್ಧಮಂತ್ರಿಯಾಗಿದ್ದಾನೆ.

ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ಕುದುರೆ ಕಂಡರೆ ಬೀದಿಯ ಆಚೆ ಬದಿಗೆ ಸರಿಯುವ ಮನುಷ್ಯ. ಬಂದೂಕಿನ ಯಾವ ತುದಿಯಿಂದ ಗುಂಡು ಹೊರಡುತ್ತದೆಂದು ಕೇಳಿದರೆ ಕಾನೂನು ಪುಸ್ತಕ ತಿರುವಿ ಹಾಕಿಯಾನು. ಅವನು ಈಗ ನಾರ್ವೆಯ ಸೈನ್ಯಕ್ಕೆಲ್ಲ ಯಜಮಾನ!

ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದುಕೊಂಡು ಕಾನೂನು ಓದಿದವರು. ಹದಿನಾರು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಒಲೆಯ ಎದುರು ಕೂತು ವಕೀಲಿಕೆ ಮಾಡಿದವರು. ಈ ಊರಿನಲ್ಲಿ ಉದಾರ ಪಕ್ಷದ ಮೊದಲ ಕರಪತ್ರ ಬರೆದವನು ನಾನು, ಅವನು ತಿದ್ದಿದವನು. ಐದು ವರ್ಷದ ಹಿಂದೆ ಸಂಸತ್ತಿಗೆ ಯಾರನ್ನು ಕಳಿಸಬೇಕೆಂಬ ಮಾತು ಬಂದಾಗ ಅವನೇ ನನ್ನ ಹತ್ತಿರ ಬಂದು, "ನೀನು ನಿಲ್ಲು ಹಾಲ್ವರ್, ನಾನು ಹಿಂದೆ ಸರೀತೀನಿ" ಅಂದ. "ಛೇ ಛೇ, ನೀನೇ ನಿಲ್ಲಪ್ಪ" ಅಂದೆ ನಾನು. ಎರಡನೆಯ ಸಲ ಒತ್ತಾಯಿಸುತ್ತಾನೆಂದುಕೊಂಡಿದ್ದೆ. ಒತ್ತಾಯಿಸಲಿಲ್ಲ. ಆಮೇಲೆ ಯಾರೋ ನನ್ನ ಹೆಸರನ್ನೂ ಸೂಚಿಸಿದರು. ನಾಲ್ಕು ಮತಗಳಲ್ಲಿ ನಾನು ಸೋತೆ. ಆ ನಾಲ್ಕು ಮತಗಳನ್ನು ಹಾಕಿದವರು ಯಾರೆಂದು ನನಗೆ ಗೊತ್ತು. ಬೀದಿಯಲ್ಲಿ ಸಿಕ್ಕಾಗ ಈಗಲೂ ಅವರಿಗೆ ಟೋಪಿ ಎತ್ತುತ್ತೇನೆ.

ಮಧ್ಯಾಹ್ನ ಕ್ಲಬ್ಬಿನಲ್ಲಿ ಅವನ ಆರೋಗ್ಯಕ್ಕೆಂದು ಗ್ಲಾಸು ಎತ್ತಿ ಭಾಷಣ ಮಾಡಬೇಕಾಯಿತು. ಎಲ್ಲರಿಗಿಂತ ಹಳೆಯ ಗೆಳೆಯನಲ್ಲವೇ. ಚೆನ್ನಾಗಿ ಮಾತಾಡಿದೆನೆಂದರು.

ಇದು ಹೊಟ್ಟೆಕಿಚ್ಚಲ್ಲ. ಯೋಗ್ಯತೆಯ ಪ್ರಶ್ನೆ, ಅಷ್ಟೆ.

ಜುಲೈ ೧೨

ಸಂಸಾರವನ್ನು ಕರೆದೊಯ್ಯಲು ಮಂತ್ರಿಗಳು ಹಡಗಿನಲ್ಲಿ ಬಂದಿಳಿದರು. ಹಡಗುಕಟ್ಟೆಯಲ್ಲಿ ಬ್ಯಾಂಡು. ಹೆರ್ರಿಂಗ್ ಮೀನು ಉಪ್ಪು ಹಾಕುವ ಹೆಂಗಸರು ಕೈ ತೊಳೆದುಕೊಂಡು ಬಂದು ಸಾಲಾಗಿ ನಿಂತಿದ್ದರು.

ಅಮುಂಡ್ ನನ್ನನ್ನು ಕಂಡವನೇ ಪುರಸಭೆಯ ಅಧ್ಯಕ್ಷರನ್ನು ಅಲ್ಲೇ ಬಿಟ್ಟು ನೇರ ನನ್ನ ಕಡೆ ಬಂದ. "ಏನೋ ಹಾಲ್ವರ್, ತಲೆಯಲ್ಲಿ ಕೂದಲೇ ಉಳಿದಿಲ್ವಲ್ಲೋ!" ಎಂದು ಎಲ್ಲರೆದುರು ನನ್ನ ಬೆನ್ನ ಮೇಲೊಂದು ಗುದ್ದಿದ.

"ನಿನಗೆ ಕೂದಲು ನೆರೆಯೋಕೂ ಪುರುಸೊತ್ತಿಲ್ಲ, ಮಂತ್ರಿಯಲ್ವಾ" ಅಂದೆ.

ನಕ್ಕ. ಆಮೇಲೆ ದನಿ ತಗ್ಗಿಸಿ, "ಹೆದರಿಕೆ ಕಣೋ" ಅಂದ. "ಅಲ್ಲಿನ ಅಧಿಕಾರಿಗಳು ನನ್ನನ್ನ ಹೇಗೆ ನೋಡ್ತಾರೆ ಗೊತ್ತಾ? ಇಗರ್ಜಿಯೊಳಗೆ ನುಗ್ಗಿದ ಮೇಕೆಯನ್ನ ನೋಡೋ ಹಾಗೆ. ಸಲ್ಯೂಟ್ ಹೊಡೀತಾರೆ, ಕಣ್ಣಲ್ಲೇ ನಗ್ತಾರೆ. ನೀನು ಪಕ್ಕದಲ್ಲಿ ಇದ್ದಿದ್ರೆ..."

ಇದ್ದಿದ್ದರೆ ಏನೆಂದು ಹೇಳುವಷ್ಟರಲ್ಲಿ ಪಾದ್ರಿಗಳು ಬಂದು ಅವನ ಕೈ ಹಿಡಿದುಕೊಂಡರು.

ಮನೆಗೆ ಬರುತ್ತ ಥೆಯಾ ಅಂದಳು: "ಪಾಪ, ಸೊರಗಿದ್ದಾರೆ ಅಮುಂಡ್."

ಪಾಪವಂತೆ!

ಆಗಸ್ಟ್ ೪

ಟೆರ್ನೆ ನಡುಗಡ್ಡೆಯಿಂದ ಓಲಿನಾ ಎಂಬ ವಿಧವೆ ಬಂದಿದ್ದಳು. ಯಾರದೋ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು, ಗುಡಿಸಲಿಗೆ ಬದಲಾಗಿ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯುವ ಒಕ್ಕಲು. ಮಗ ಸಿವರ್ಟ್ ಕಡ್ಡಾಯದ ಸೈನ್ಯ ತರಬೇತಿಗೆ ಹೋದವನು ಕಳೆದ ತಿಂಗಳು ಅಲ್ಲೇ ತೀರಿಕೊಂಡನಂತೆ. ಸೈನ್ಯದ ಮೇಲೆ ದಾವೆ ಹೂಡಲಾಗದೆಂದು ಹೇಳಿ ಕಳಿಸಿದೆ. ಹೋಗುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದಳು.

ಗಂಟಲು ನೋವು. ಬೇಗ ಮಲಗಬೇಕು.

ಆಗಸ್ಟ್ ೬

ರಾಜಧಾನಿಯ ಪತ್ರಿಕೆಯಲ್ಲಿ ಅಮುಂಡನ ಚಿತ್ರ. ‘ಸೈನ್ಯವನ್ನು ಜನರ ಸೈನ್ಯವಾಗಿಸುವ ಮಂತ್ರಿ’ ಎಂದು ಅರ್ಧ ಪುಟದ ಹೊಗಳಿಕೆ. ಥೆಯಾ ಕತ್ತರಿ ಹುಡುಕುತ್ತಿದ್ದಳು, ಕತ್ತರಿಸಿ ಇಟ್ಟುಕೊಳ್ಳಲು.

ಕಾಫಿ ಕುಡಿಯುತ್ತಿರುವಾಗ ಥಟ್ಟನೆ ಹೊಳೆಯಿತು. ಜನರ ಸೈನ್ಯವೇ? ಜನರ ಮಗನೊಬ್ಬ ಇದೇ ಮಂತ್ರಿಯ ಕಾಲದಲ್ಲಿ, ಮಂತ್ರಿಯ ಸ್ವಂತ ಜಿಲ್ಲೆಯವನು, ತರಬೇತಿಯ ಬಯಲಿನಲ್ಲಿ ಸತ್ತಿದ್ದಾನಲ್ಲ!

ಆ ವಿಧವೆಗೆ ಹೇಳಿ ಕಳಿಸಿದ್ದೇನೆ. ಹೆಸರು ಮರೆತಿತ್ತು, ಹಿಂದಿನ ಪುಟ ನೋಡಿ ತಿಳಿದುಕೊಂಡೆ.

ಆಗಸ್ಟ್ ೯, ಶನಿವಾರ

ಓಲಿನಾ ಬಂದಳು. ಕುರ್ಚಿ ಕೊಟ್ಟರೂ ಅಂಚಿನಲ್ಲೇ ಕೂತಳು. ಅವಳು ಹೇಳಿದ್ದು ಇಷ್ಟು:

ಜುಲೈ ಹದಿನೇಳರ ಬೆಳಿಗ್ಗೆ ಸಿವರ್ಟ್ ತನಗೆ ಜ್ವರವೆಂದ. ಕ್ಯಾಪ್ಟನ್ ಹೂಸೆಬಿ, "ಮೀನುಗಾರರಿಗೆಲ್ಲ ಬಿಸಿಲು ಬಂದ್ರೆ ಜ್ವರ" ಎಂದು, ಪೂರ್ತಿ ಹೊರೆ ಹೊರಿಸಿ ಬಯಲು ಸುತ್ತಿಸಿದ. ಒಂಬತ್ತನೆಯ ಸುತ್ತಿಗೆ ಹುಡುಗ ಬಿದ್ದ. ಎರಡು ದಿನಕ್ಕೆ ಸತ್ತ. ಇದನ್ನೆಲ್ಲ ಜೊತೆಗಿದ್ದ ಎಂಡ್ರೆ ಎಂಬ ಹುಡುಗ ಬಂದು ಹೇಳಿದ್ದು. ಆದರೆ ಸೈನ್ಯದಿಂದ ಬಂದ ಕಾಗದವೇ ಬೇರೆ. ಅದನ್ನು ಓದಲು ಅವಳು ಪಾದ್ರಿಗಳಿಗೆ ಕೊಟ್ಟಳು. ಪೂಜೆ ಮುಗಿಸಿ ಬಂದವರೆಲ್ಲ ಸುತ್ತ ನಿಂತಿದ್ದರು.

"ಪಾದ್ರಿಗಳು ಗಟ್ಟಿಯಾಗಿ ಓದ್ಬಿಟ್ರು ವಕೀಲ್ರೇ. ‘ಕಾಯಿಲೆಯ ಸೋಗು ಹಾಕಿದ್ದಕ್ಕೆ ಶಿಕ್ಷೆಗೆ ಒಳಗಾಗಿದ್ದ ಸೋಗಲಾಡಿ’ ಅಂತ. ಆಮೇಲೆ ಅವ್ರಿಗೂ ನಾಚ್ಕೆ ಆಯ್ತು. ಆದ್ರೆ ಎಲ್ರೂ ಕೇಳಿಯಾಗಿತ್ತಲ್ಲ."

"ಪರಿಹಾರ ಕೇಳೋಣ" ಅಂದೆ.

"ಏನ್ ಪರಿಹಾರ? ಅವ್ನಿಗೆ ಬದ್ಲು ಇನ್ನೊಬ್ಬ ಮಗನ್ನ ಕೊಡ್ತಾರಾ?" ಎಂದು ನನ್ನನ್ನೇ ನೋಡಿದಳು. "ಆ ಮಾತು ಅಳಿಸ್ಬೇಕು. ಸೋಗಲಾಡಿ ಅನ್ನೋದು. ನಾಲ್ಕು ಚಳಿಗಾಲ ತೆರೆದ ದೋಣೀಲಿ ಕಾಡ್ ಮೀನು ಹಿಡಿದವ್ನು ನನ್ ಮಗ. ಕೈಬೆರಳು ಸೆಟೆದು ಹೋದ್ರೂ ಕಾಯಿಲೆ ಅಂತ ಒಂದಿನ ಬಾಯಿ ಬಿಡ್ಲಿಲ್ಲ. ಮೊದಲ್ನೇ ಸಲ ಅಂದ. ನಂಬ್ಲಿಲ್ಲ."

ಇದನ್ನು ಹಾಗೆಯೇ ಪತ್ರಿಕೆಗೆ ಬರೆಯಬಹುದು. ಒಂದಕ್ಷರ ಬದಲಿಸಬೇಕಾಗಿಲ್ಲ.

ಆಗಸ್ಟ್ ೧೬

‘ನ್ಯಾಯಪ್ರಿಯ’ ಎಂಬ ಹೆಸರಿನಲ್ಲಿ ಬರೆದ ನನ್ನ ಲೇಖನ ಇಂದು ನಮ್ಮೂರ ಪತ್ರಿಕೆಯ ಮೊದಲ ಪುಟದಲ್ಲಿ. ‘ಮಂತ್ರಿಗಳೇ, ಇದೇನು ನಿಮ್ಮ ಜನರ ಸೈನ್ಯ?’ ಮಧ್ಯಾಹ್ನದೊಳಗೆ ಒಂದೂ ಪ್ರತಿ ಉಳಿಯಲಿಲ್ಲ. ರಾಜಧಾನಿಯ ವಿರೋಧ ಪಕ್ಷದ ಪತ್ರಿಕೆಗಳೂ ಎತ್ತಿಕೊಳ್ಳುತ್ತವೆಂದು ಸಂಪಾದಕ ಕೈ ಉಜ್ಜಿಕೊಳ್ಳುತ್ತಿದ್ದ.

ಮಂತ್ರಿ ಎಂಬ ಪದ ಲೇಖನದಲ್ಲಿ ಹದಿನಾಲ್ಕು ಸಲ ಬಂದಿದೆ ಎಂದಳು ಥೆಯಾ. "ಆ ಹುಡುಗನ ಹೆಸರು ಎರಡೇ ಸಲ" ಎಂದಳು. ಅವಳಿಗೆ ರಾಜಕೀಯ ಬರವಣಿಗೆ ತಿಳಿಯುವುದಿಲ್ಲ.

ವಾರಗಳಾದ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ಆಗಸ್ಟ್ ೩೦

ಅಮುಂಡನ ಪತ್ರ. ಮಂತ್ರಿಯ ಮೊಹರಿಲ್ಲದ ಮಾಮೂಲಿ ಲಕೋಟೆ.

‘ಹಾಲ್ವರ್, ನ್ಯಾಯಪ್ರಿಯರು ಚೆನ್ನಾಗಿ ಬರೆಯುತ್ತಾರೆ, ಮೂರನೆಯ ಪರಿಚ್ಛೇದ ಬಿಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆದರೆ ಪತ್ರಿಕೆಯ ಲೇಖನ ಇಟ್ಟುಕೊಂಡು ನಾನು ವಿಚಾರಣೆ ನಡೆಸಲಾರೆ. ತಾಯಿಯ ಹೆಸರಿನಲ್ಲಿ ಒಂದು ಮನವಿ, ಕಣ್ಣಾರೆ ಕಂಡವರ ಒಂದು ಪ್ರಮಾಣದ ಹೇಳಿಕೆ, ಇಷ್ಟು ಬೇಕು. ನಿನಗೆ ಹೇಗೂ ಆಕೆ ಗೊತ್ತಿರಬಹುದು. ಬೇಗ ಕಳಿಸು. ಚಳಿಗಾಲ ಬಂದರೆ ಕರಾವಳಿಯ ಹುಡುಗರೆಲ್ಲ ದಿಕ್ಕಿಗೊಬ್ಬರು ಹೊರಟುಬಿಡುತ್ತಾರೆ.’

ಮೂರನೆಯ ಪರಿಚ್ಛೇದವಂತೆ! ಈಗಲೂ ನನ್ನನ್ನು ತಿದ್ದುತ್ತಾನೆ.

ನಾನೇ ಬರೆದದ್ದೆಂದು ತಿಳಿದೂ ಕೋಪವಿಲ್ಲ. ಕೋಪಿಸಿಕೊಳ್ಳುವಷ್ಟು ಕೂಡ ನನ್ನನ್ನು ಲೆಕ್ಕಕ್ಕಿಟ್ಟಿಲ್ಲ. ಮನವಿ ಕಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿದೆ: ಅವನು ಒಂದು ಸಹಿ ಹಾಕುತ್ತಾನೆ, ದೇಶವೆಲ್ಲ ಅವನನ್ನು ಹಾಡಿ ಹೊಗಳುತ್ತದೆ. ನಾನು ಬೆಂಕಿ ಹಚ್ಚಬೇಕು, ಅವನು ಬಂದು ಚಳಿ ಕಾಯಿಸಿಕೊಳ್ಳಬೇಕು.

ಸೆಪ್ಟೆಂಬರ್ ೩

ಸಾಕ್ಷಿಯ ಹುಡುಗ ಎಂಡ್ರೆಯನ್ನು ನೋಡಲು ದೋಣಿಯಲ್ಲಿ ಹೋದೆ. ಇಪ್ಪತ್ತು ವರ್ಷವಾಗಿತ್ತು ಹುಟ್ಟು ಹಿಡಿದು. ದಾರಿಯಲ್ಲಿ ಎರಡು ಸಲ ವಾಂತಿ. ಜೊತೆಗೆ ಬಂದಿದ್ದ ಓಲಿನಾ ನನ್ನ ಕೈಯಿಂದ ಹುಟ್ಟು ಕಿತ್ತುಕೊಂಡು ತಾನೇ ಹಾಕಿದಳು. "ವಕೀಲ್ರು ಕೋರ್ಟಲ್ಲಿ ಹುಟ್ಟು ಹಾಕಿ. ಇಲ್ಲಿ ನಾನ್ ಹಾಕ್ತೀನಿ" ಅಂದಳು. ಅವಳಿಗೆ ನಗಲು ಬರುತ್ತದೆಂದು ಇವತ್ತು ತಿಳಿಯಿತು.

ಎಂಡ್ರೆ ಬಲೆ ಹೆಣೆಯುತ್ತಿದ್ದ. ತಲೆ ಎತ್ತದೆ ಅಂದ: "ಮುಂದಿನ ಬೇಸಿಗೇಲಿ ನಾನ್ ಮತ್ತೆ ಅದೇ ಬಯಲಿಗೆ ಹೋಗ್ಬೇಕು ಸ್ವಾಮಿ. ಅದೇ ಕ್ಯಾಪ್ಟನ್ನು." ಓಲಿನಾ ಏನೂ ಒತ್ತಾಯಿಸಲಿಲ್ಲ. ಅವನ ಪಕ್ಕ ಕೂತು ತಾನೂ ಬಲೆಯ ಇನ್ನೊಂದು ತುದಿ ಹೆಣೆಯತೊಡಗಿದಳು. ಕಾಲು ಗಂಟೆಯಾದ ಮೇಲೆ ಅವನೇ ಹೇಳಿದ: "ಬಿದ್ದ ಮೇಲೂ ಏಳೋಕೆ ನೋಡ್ದ ಓಲಿನಮ್ಮ. ಎರಡು ಸಲ. ಸೋಗು ಹಾಕೋನು ಏಳ್ತಾನಾ?"

ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳುತ್ತೇನೆಂದು ಒಪ್ಪಿದ. ದಿನ ಗೊತ್ತು ಮಾಡಿ ಹೇಳಿ ಕಳಿಸಬೇಕು.

ಅಂಗೈ ತುಂಬ ಬೊಕ್ಕೆ. ಲೇಖನಿ ಹಿಡಿಯಲಾಗುತ್ತಿಲ್ಲ.

ಸೆಪ್ಟೆಂಬರ್ ೯

ಕೆಲಸದ ಒತ್ತಡ. ಮನವಿ ಅರ್ಧ ಬರೆದು ಇಟ್ಟಿದ್ದೇನೆ.

ಸೆಪ್ಟೆಂಬರ್ ೧೮

ವಿರೋಧ ಪಕ್ಷದವರು ಸಂಸತ್ತಿನಲ್ಲಿ ನನ್ನ ಲೇಖನ ಓದಿ ಅಮುಂಡನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡರಂತೆ. ‘ವಿಧ್ಯುಕ್ತ ದೂರಿಗಾಗಿ ಕಾಯುತ್ತಿದ್ದೇನೆ’ ಎಂದನಂತೆ. ಸಭೆಯೆಲ್ಲ ನಕ್ಕಿತಂತೆ.

ಕಾಯಲಿ. ನಾನೂ ಐದು ವರ್ಷ ಕಾದಿದ್ದೇನೆ.

ಸೆಪ್ಟೆಂಬರ್ ೨೬

ಮನವಿ ನಾಳೆ.

ಅಕ್ಟೋಬರ್ ೭

ಓಲಿನಾ ಕಚೇರಿಗೆ ಬಂದಳು. ಒದ್ದೆ ಶಾಲನ್ನು ಬಾಗಿಲ ಹೊರಗೇ ಹಿಂಡಿಕೊಂಡು ಒಳಗೆ ಬಂದಳು. "ಎಂಡ್ರೆ ಹೋದ" ಅಂದಳು.

ಸತ್ತನೆಂದೇ ತಿಳಿದೆ. ಸತ್ತಿಲ್ಲ. ಒಣಮೀನು ಹೇರಿಕೊಂಡು ಸ್ಪೇನಿಗೆ ಹೊರಟ ಹಡಗಿನಲ್ಲಿ ಕೆಲಸ ಸಿಕ್ಕಿತಂತೆ. ಅಲ್ಲಿಂದ ಇನ್ನೆಲ್ಲಿಗೋ. ವರ್ಷವಾದೀತು, ಎರಡಾದೀತು.

"ಹೇಳಿ ಕಳಿಸಿದ್ರಾ ವಕೀಲ್ರು ಅಂತ ಮೂರು ಸಲ ನನ್ ಹತ್ರ ಬಂದು ಕೇಳ್ದ. ‘ಇನ್ನೂ ಇಲ್ಲ ಕಣಪ್ಪ, ಕೋರ್ಟಿನ ಕೆಲ್ಸ ನಿಧಾನ’ ಅಂದೆ." ಅವಳ ಮಾತಿನಲ್ಲಿ ದೂರು ಇರಲಿಲ್ಲ. ಕೋರ್ಟಿನ ಕೆಲಸ ನಿಜವಾಗಿಯೂ ನಿಧಾನವೆಂದೇ ನಂಬಿದ್ದಾಳೆ.

ಮನವಿ ಅವಳ ಮೊಣಕೈ ಕೆಳಗಿನ ಮೇಜಿನ ಖಾನೆಯಲ್ಲೇ ಇತ್ತು.

ಊಟಕ್ಕೆ ಕೂತಾಗ ಥೆಯಾಗೆ ಹೇಳಿದೆ, ಸಾಕ್ಷಿ ಕೈತಪ್ಪಿದ ಎಂದು. ಅವಳು ಚಮಚ ಕೆಳಗಿಟ್ಟಳು.

"ಅಲ್ರೀ, ಅಮುಂಡ್ ಬರೆದು ಐದು ವಾರ ಆಯ್ತಲ್ಲ?"

"ಕೆಲಸ ಇತ್ತು."

"ಏನ್ ಕೆಲಸ? ಐದು ವಾರದಿಂದ ನೀವು ಕಿಟಕಿ ಹತ್ರ ಕೂತು ಪತ್ರಿಕೆ ಬರೋದನ್ನ ಕಾಯ್ತಿದ್ದೀರಿ. ಅವರಿಗೆ ಬೈದಿರೋದು ಓದಿದ ದಿನ ಎರಡು ಮೀನು ಜಾಸ್ತಿ ತಿಂತೀರಿ. ಅಡುಗೆ ಮಾಡೋಳು ನಾನು, ನನಗೆ ಗೊತ್ತಾಗಲ್ವಾ?"

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ಎದ್ದು ಬಂದುಬಿಟ್ಟೆ. ಗಂಜಿ ಹಾಗೇ ಉಳಿಯಿತು.

ಅಕ್ಟೋಬರ್ ೮

ಮನವಿ ಕಳಿಸಿದೆ. ಆರು ಪುಟ. ಕಾನೂನಿನ ಕಲಮುಗಳು, ಹಿಂದಿನ ತೀರ್ಪುಗಳು ಎಲ್ಲ ಇವೆ. ಸಾಕ್ಷಿ ಮಾತ್ರ ಇಲ್ಲ.

ನವೆಂಬರ್ ೨, ಭಾನುವಾರ

ಟೆರ್ನೆಗೆ ಒಬ್ಬನೇ ಹುಟ್ಟು ಹಾಕಿಕೊಂಡು ಹೋದೆ. ಯಾಕೆ ಹೋದೆನೋ. ಪತ್ರದಲ್ಲಿ ತಿಳಿಸಬಹುದಿತ್ತು, ಆದರೆ ಅವಳಿಗೆ ಕೈಬರಹ ಓದಲು ಬಾರದು, ಇನ್ನೊಬ್ಬರ ಬಾಯಿಂದ ಕೇಳಬೇಕು. ಒಮ್ಮೆ ಹಾಗೆ ಕೇಳಿದ್ದು ಸಾಕು.

ಗುಡಿಸಲಲ್ಲಿ ಒಲೆಯ ಪಕ್ಕ ಒಂದು ಬೆಂಚು, ಸಿವರ್ಟನ ಜಾಗವಿರಬೇಕು. ಅದರ ಮೇಲೆ ಯಾರೂ ಕೂರುವುದಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ನಾನು ನಿಂತೇ ಹೇಳಿದೆ: ಕೋರ್ಟು ನಿಧಾನವಲ್ಲ, ನಾನು ನಿಧಾನ. ಐದು ವಾರ ಕಾಗದ ನನ್ನ ಖಾನೆಯಲ್ಲಿತ್ತು.

"ಯಾಕೆ?" ಅಂದಳು.

"ಮಂತ್ರಿ ನನ್ನ ಗೆಳೆಯ. ಅವನಿಗೆ ಇದರಿಂದ ಒಳ್ಳೆ ಹೆಸರು ಬರೋದು ನನಗೆ ಬೇಕಿರಲಿಲ್ಲ."

ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಸುಲಿದು, ಇನ್ನೊಂದು ಸುಲಿದು, ಆಮೇಲೆ ಮಾತಾಡಿದಳು.

"ನಿಮಗೆ ಒಳ್ಳೆ ಹೆಸರು ಇದೆ ವಕೀಲ್ರೇ. ಅವ್ರಿಗೂ ಇದೆ. ಇಲ್ದಿರೋದು ನನ್ ಮಗನಿಗೆ."

ಚಾಕು ಕೆಳಗಿಟ್ಟು ಎದ್ದಳು.

"ದೋಣಿ ಹತ್ತಿ. ಗಾಳಿ ತಿರುಗುತ್ತೆ" ಎಂದು ಬಾಗಿಲು ತೆರೆದು ಹಿಡಿದಳು.

ಗಾಳಿ ತಿರುಗಲಿಲ್ಲ. ದಾರಿಯುದ್ದಕ್ಕೂ ನೀರು ಕನ್ನಡಿಯ ಹಾಗಿತ್ತು.

ನವೆಂಬರ್ ೨೦

ತರಬೇತಿಯಲ್ಲಿದ್ದ ಇನ್ನೂ ಇಬ್ಬರು ಹುಡುಗರನ್ನು ಹುಡುಕಿ ಹೋದೆ. ಒಬ್ಬ ಹೆದರಿದ, ಇನ್ನೊಬ್ಬನ ಅಪ್ಪ ನಾಯಿ ಬಿಟ್ಟ. ನಾಳೆ ಕೊಲ್ಲಿಯ ಆಚೆ ದಡಕ್ಕೆ. ಈ ವಾರದ ಪತ್ರಿಕೆಗಳು ಬಿಚ್ಚದೆ ಬಿದ್ದಿವೆ.

ಡಿಸೆಂಬರ್ ೨೨

ಕ್ರಿಸ್‌ಮಸ್ಸಿಗೆ ಊರಿಗೆ ಬಂದ ಅಮುಂಡ್ ಮನೆಗೂ ಹೋಗದೆ ನೇರ ನನ್ನ ಕಚೇರಿಗೆ ಬಂದ. ಕಂಕುಳಲ್ಲಿ ಕರಿ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಪುಸ್ತಕ. ಹೂಸೆಬಿಯ ತುಕಡಿಯ ಶಿಕ್ಷೆ ದಾಖಲೆ. ಮಂತ್ರಿಯ ಅಧಿಕಾರದಿಂದ ತರಿಸಿಕೊಂಡಿದ್ದ.

"ಕೊಡಲ್ಲ ಅಂದ್ರು. ಮೂರು ಪತ್ರ ಬರೆದೆ. ಕೊನೆಗೆ ನಾನೇ ಹೋಗಿ ಮೇಜಿನ ಮುಂದೆ ಕೂತೆ, ಕೊಡೋವರೆಗೂ ಎದ್ದೇಳಲ್ಲ ಅಂತ" ಎಂದ. ಕೆನ್ನೆ ಒಳಹೋಗಿದೆ ಅವನದು. "ತಾಯಿಯನ್ನ ನೋಡಬೇಕು, ನಡಿ."

ನಾನು ಹುಟ್ಟು ಹಾಕಿದೆ. ಅವನು ಆ ಪುಸ್ತಕವನ್ನು ಮಗುವಿನ ಹಾಗೆ ಕೋಟಿನೊಳಗೆ ಅಪ್ಪಿಕೊಂಡು ಕೂತಿದ್ದ. ನಡುಹಗಲಾದರೂ ಮಬ್ಬು.

ಓಲಿನಾ ನನ್ನನ್ನು ನೋಡಿ ತಲೆಯಾಡಿಸಿದಳು, ಅಷ್ಟೆ. ಅಮುಂಡ್ ಒಳಗೆ ಹೋದವನು ತಾನು ಯಾರೆಂದು ಹೇಳಿ, ಕೈ ಕುಲುಕಿ, ಕೊಟ್ಟ ಗಂಜಿಯನ್ನು ಪೂರ್ತಿ ತಿಂದ. ಅವಸರವೇ ಇಲ್ಲದವನ ಹಾಗೆ ಸಿವರ್ಟನ ಬಗ್ಗೆ ಕೇಳಿದ: ಯಾವ ದೋಣಿಯಲ್ಲಿ ಹೋಗುತ್ತಿದ್ದ, ಹಾಡುತ್ತಿದ್ದನೇ, ಯಾವ ಊಟ ಇಷ್ಟ. ಕೊನೆಗೆ ಕೇಳಿದ: "ಅವನ ಸಾಮಾನಿನ ಜೊತೆ ಇನ್ನೇನಾದ್ರೂ ಬಂದಿತ್ತಾ, ತಾಯಿ?"

ಅವಳು ಪ್ರಾರ್ಥನೆ ಪುಸ್ತಕದೊಳಗಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು ಕೊಟ್ಟಳು. "ಟೋಪಿ ಒಳಗಿತ್ತು. ಕೈಬರಹ, ನನಗೆ ಬರಲ್ಲ. ಆ ಕಾಗ್ದ ಓದ್ಸಿದ್ಮೇಲೆ ಇದನ್ನ ಯಾರಿಗೂ ತೋರ್ಸಿಲ್ಲ."

ನಾಲ್ಕು ತಿಂಗಳಲ್ಲಿ ನಾನು ಈ ಒಂದು ಪ್ರಶ್ನೆ ಕೇಳಿರಲಿಲ್ಲ! ಮೊದಲ ವರ್ಷದ ವಕೀಲ ಕೇಳುವ ಪ್ರಶ್ನೆ. ಅವನು ಬಂದು ಒಂದು ಬಟ್ಟಲು ಗಂಜಿ ಮುಗಿಸುವುದರೊಳಗೆ ಕೇಳಿದ.

ಅಮುಂಡ್ ಓದಿದ. ಸೈನ್ಯದ ಆಸ್ಪತ್ರೆಯ ಚೀಟಿ. ಹದಿನೇಳರ ಮಧ್ಯಾಹ್ನ ಪ್ರಜ್ಞೆಯಿಲ್ಲದೆ ತಂದರು. ಹತ್ತೊಂಬತ್ತರ ಬೆಳಿಗ್ಗೆ ತೀರಿಕೊಂಡ. ನಡುವೆ ಪ್ರಜ್ಞೆ ಬರಲೇ ಇಲ್ಲ.

ನನ್ನ ತೊಡೆಯ ಮೇಲೆ ದಾಖಲೆ ಪುಸ್ತಕ ತೆರೆದಿತ್ತು. ಸಿವರ್ಟನ ಹೆಸರಿನ ಮುಂದೆ, ಕ್ಯಾಪ್ಟನ್ನನ ಅಂದವಾದ ಅಕ್ಷರದಲ್ಲಿ: ‘ಇಂದು ಬೆಳಿಗ್ಗೆ ಕಾಯಿಲೆಯ ಸೋಗು ಹಾಕಿ ಕವಾಯತಿಗೆ ಬರಲು ನಿರಾಕರಿಸಿದ. ಸೋಗಲಾಡಿ.’ ತಾರೀಖು, ಜುಲೈ ಹದಿನೆಂಟು.

"ಅಮುಂಡ್," ಅಂದೆ. "ಹದಿನೆಂಟು ಅಂತ ಬರೆದಿದ್ದಾನೆ ನೋಡು. ಹದಿನೆಂಟನೇ ತಾರೀಖು ಹುಡುಗನಿಗೆ ಪ್ರಜ್ಞೆಯೇ ಇರಲಿಲ್ಲ."

ಅಮುಂಡ್ ಪುಸ್ತಕ ನೋಡಿದ, ಚೀಟಿ ನೋಡಿದ. ನನ್ನ ತೋಳು ಹಿಡಿದುಕೊಂಡ. "ಹುಡುಗ ಬಿದ್ದ ಮೇಲೆ ಬರೆದಿದ್ದಾನೆ ಕಣೋ. ತನ್ನ ತಲೆ ಉಳಿಸ್ಕೊಳ್ಳೋಕೆ."

"ಅದೇನು ಹೇಳಿ, ನನಗೂ ತಿಳೀಲಿ" ಎಂದಳು ಓಲಿನಾ. ನಾನು ಹೇಳಿದೆ. ಅವಳು ಆ ಬೆಂಚಿನ ಮೇಲೆ ಕೂತುಬಿಟ್ಟಳು.

ಜನವರಿ ೧೧, ೧೮೮೫

ಕಾಗದಪತ್ರಕ್ಕೆ ಓಲಿನಾಳ ಗುರುತು ಹಾಕಿಸಿಕೊಳ್ಳಲು ಹೋಗಿದ್ದೆ. ಗೋಡೆಯ ಮೇಲೆ ಸಿವರ್ಟನ ಟೋಪಿ ನೇತುಹಾಕಿದ್ದಾಳೆ. ಅದರ ಪಕ್ಕದಲ್ಲಿ ಪತ್ರಿಕೆಯಿಂದ ಕತ್ತರಿಸಿದ ಚಿತ್ರ. ಅಮುಂಡನದು! ಕೊಟ್ಟವಳು ಥೆಯಾ ಅಂತೆ.

"ಎಂಥಾ ಮನುಷ್ಯ ವಕೀಲ್ರೇ! ಬಟ್ಟಲು ಬಳಿದು ತಿಂದ್ರು" ಅಂದಳು.

ನಾನೂ ತಿಂದಿದ್ದೆ. ಏಳು ಸಲ ಆ ನೀರು ದಾಟಿದವನು ನಾನು. ಅಂಗೈಯ ಚರ್ಮ ಮೂರು ಸಲ ಸುಲಿದು ಬಂದಿದೆ. ಒಂದೇ ಒಂದು ಸಲ ಬಂದವನು ಗೋಡೆಯ ಮೇಲೆ.

ವಾಪಸು ಬರುತ್ತ ದೋಣಿಯಲ್ಲಿ ಗಟ್ಟಿಯಾಗಿ ಬೈದುಕೊಂಡೆ. ಕೇಳಲು ಕಡಲಹಕ್ಕಿಗಳ ಹೊರತು ಯಾರೂ ಇರಲಿಲ್ಲ.

ಮಾರ್ಚ್ ೧೯

ಅಮುಂಡನ ಪತ್ರ, ನಾಲ್ಕು ಪುಟ. ಇಷ್ಟುದ್ದ ಅವನು ಬರೆಯುವವನಲ್ಲ.

ಅವನ ಹೊಸ ಸೈನ್ಯ ಮಸೂದೆ ಸಂಸತ್ತಿನ ಮುಂದಿದೆ. ಅದು ಪಾಸಾಗಬೇಕಾದರೆ ಅಧಿಕಾರಿಗಳ ಮನಸ್ಸು ಕೆಡಿಸಬಾರದು. ಹೂಸೆಬಿಗೆ ಮೇಲಿನವರ ಬೆಂಬಲವಿದೆ. ಅವನ ವಿಚಾರಣೆ ಕೈಬಿಡು ಎಂದು ವಿರೋಧಿಗಳಿಗಿಂತ ಹೆಚ್ಚಾಗಿ ಸ್ವಂತ ಪಕ್ಷದವರೇ ಹೇಳುತ್ತಿದ್ದಾರಂತೆ. ‘ಸತ್ತವನ ಹೆಸರಿನ ಒಂದು ಪದಕ್ಕಾಗಿ ಬದುಕಿರುವ ಹತ್ತು ಸಾವಿರ ಹುಡುಗರ ಮಸೂದೆ ಮುಳುಗಿಸುತ್ತೀಯಾ’ ಎಂದು ಕೇಳುತ್ತಾರಂತೆ. ‘ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ಹಾಲ್ವರ್. ನೀನಾಗಿದ್ದರೆ ಏನು ಮಾಡುತ್ತಿದ್ದೆ?’

ದಿನವೆಲ್ಲ ಉತ್ತರ ಬರೆದು ಹರಿದೆ. ಕೊನೆಗೆ ಓಲಿನಾ ನವೆಂಬರಿನಲ್ಲಿ ಆಲೂಗಡ್ಡೆ ಸುಲಿಯುತ್ತ ನನಗೆ ಹೇಳಿದ ಮಾತನ್ನು ಬರೆದು, ಅದನ್ನು ಅವಳು ಯಾಕೆ ಹೇಳಬೇಕಾಯಿತೆಂಬುದನ್ನೂ ಬರೆದು ಕಳಿಸಿದೆ. ಐದು ವಾರದ ವಿಷಯ ಅವನಿಗೆ ಈಗ ಗೊತ್ತಾಗುತ್ತದೆ. ಆಗಲಿ.

ಏಪ್ರಿಲ್ ೨೪

ಆ ಪದ ಅಳಿಸುವ ಆಜ್ಞೆಗೆ ಅಮುಂಡ್ ಸಹಿ ಹಾಕಿದ. ಹೂಸೆಬಿಯನ್ನು ತುಕಡಿಯಿಂದ ತೆಗೆದ. ಆರು ದಿನದಲ್ಲಿ ಮಸೂದೆ ಬಿತ್ತು. ಏಳನೆಯ ದಿನ ಅಮುಂಡ್ ರಾಜೀನಾಮೆ ಕೊಟ್ಟ.

ಕ್ಲಬ್ಬಿನಲ್ಲಿ, "ಹತ್ತು ತಿಂಗಳೂ ತುಂಬ್ಲಿಲ್ಲ, ಕುರ್ಚಿ ಬಿಸಿಯಾಗೋ ಮೊದ್ಲೇ ಇಳಿದ" ಎಂದು ನಗುತ್ತಿದ್ದರು. ಜುಲೈಯಲ್ಲಿ ಬಾವುಟ ಏರಿಸಿದವರೇ. ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ, ಒಡೆಯಿತೆಂದು ಕಾಣುತ್ತದೆ.

ಒಂದು ಮಾತು ಇಲ್ಲಿ ಮಾತ್ರ ಬರೆಯಬಹುದು. ಅವನು ಏರಿದಾಗ ಆದದ್ದಕ್ಕಿಂತ ಹೆಚ್ಚು ಉರಿ ಅವನು ಬಿದ್ದಾಗ ಆಯಿತು. ಬಿದ್ದರೆ ಹಾಗೆ ಬೀಳಬೇಕು. ನನಗೆ ಬೀಳಲು ಎತ್ತರವೇ ಇಲ್ಲ.

ಜೂನ್ ೧೩, ಶನಿವಾರ

ಹಡಗುಕಟ್ಟೆಯಲ್ಲಿ ಬ್ಯಾಂಡು ಇರಲಿಲ್ಲ. ಅಮುಂಡ್ ಒಂದು ಪೆಟ್ಟಿಗೆ, ಒಂದು ಕೊಡೆ ಹಿಡಿದು ಇಳಿದ. ಐದು ವಾರದ ಬಗ್ಗೆ ಏನಾದರೂ ಅನ್ನುತ್ತಾನೆಂದು ಕಾದೆ. "ಮಾರ್ಚಿನಲ್ಲಿ ಬಂದ ನಿನ್ನ ಪತ್ರ ಓದಿ ಮೂರು ವಾರ ನಿನ್ನ ಮುಖ ನೋಡಬಾರದು ಅನ್ಸಿತ್ತು" ಎಂದ. "ನಾಲ್ಕನೇ ವಾರ ಸಹಿ ಹಾಕ್ದೆ."

ಓಲಿನಾಗೆ ಸೇರಬೇಕಾದ ಕಾಗದ ಅವನ ಒಳಜೇಬಿನಲ್ಲಿತ್ತು. ಅಳಿಸಿದ ದಾಖಲೆಯ ಅಧಿಕೃತ ನಕಲು, ಮೊಹರಿನ ಸಮೇತ. ನನ್ನ ಕೈಗಿಟ್ಟ. "ನಿನ್ನ ಮೊಕದ್ದಮೆ. ನೀನೇ ಹೋಗಿ ಕೊಡು."

ಒಬ್ಬನೇ ಹೋಗುವ ಆಸೆ ಎಷ್ಟಿತ್ತೆಂದು ನನಗೆ ಮಾತ್ರ ಗೊತ್ತು. ಕಟ್ಟೆಯ ಮೆಟ್ಟಿಲು ಇಳಿದು ದೋಣಿ ಬಿಚ್ಚಿದ್ದೂ ಆಯಿತು. ತಿರುಗಿ ನೋಡಿದರೆ ಅವನು ಪೆಟ್ಟಿಗೆಯ ಮೇಲೆ ಕೂತು ಕೊಡೆಯ ತುದಿಯಿಂದ ಕಲ್ಲಿನ ಸಂದಿನ ಹುಲ್ಲು ಕೀಳುತ್ತಿದ್ದ.

"ಬಾರೋ," ಎಂದು ಕೂಗಿದೆ. "ಈ ಸಲ ಹುಟ್ಟು ನೀನು ಹಾಕು. ಮಂತ್ರಿಗಿರಿ ಮುಗೀತಲ್ಲ."

ಓಲಿನಾ ಕೈ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ನಾನು ಓದಿದೆ. ಮೊದಲ ಭಾಗ ಕಲಮು, ತಾರೀಖು, ನನ್ನ ಆರು ಪುಟದ ಮನವಿಯಿಂದ ಎತ್ತಿಕೊಂಡ ವಾದ. ನನ್ನ ದನಿ ಗಟ್ಟಿಯಾಗಿಯೇ ಇತ್ತು. ಕೊನೆಗೆ, ಅಳಿಸಿದ ಪದದ ಜಾಗದಲ್ಲಿ ಬರೆದ ಸಾಲು. ಅದನ್ನು ನಾನು ಮೊದಲು ಕಂಡಿರಲಿಲ್ಲ.

‘ತನಗೆ ಕಾಯಿಲೆ ಎಂದಾಗ ಈ ಸೈನಿಕನು ನಿಜವನ್ನೇ ಹೇಳಿದ್ದನು.’

"ಇನ್ನೊಂದ್ ಸಲ" ಅಂದಳು. ಓದಿದೆ. "ಇನ್ನೊಂದ್ ಸಲ." ಅವಳ ತುಟಿ ನನ್ನ ಜೊತೆಗೇ ಆಡುತ್ತಿತ್ತು, ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ನಾಲ್ಕನೆಯ ಸಲ ನಾನು ಓದಲಿಲ್ಲ, ಅವಳೇ ಹೇಳಿದಳು, ಒಂದು ಪದವೂ ತಪ್ಪದೆ. ನಾಳೆ ಪೂಜೆ ಮುಗಿದ ಮೇಲೆ, ಅಂದು ನಿಂತಿದ್ದವರ ಮುಂದೆಯೇ ಹೇಳುವಳಂತೆ.

ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದಳು: "ಈ ಮಾತು ಬರ್ದವ್ರು ಯಾರು?"

ಅಮುಂಡ್ ಕಿಟಕಿಯಾಚೆ ಏನನ್ನೋ ನೋಡುತ್ತ ನಿಂತ. ನಾನು ನಮ್ಮಿಬ್ಬರದೂ ಎನ್ನಬಹುದಿತ್ತು. ಸುಮ್ಮನಿದ್ದಿದ್ದರೂ ಸಾಕಿತ್ತು, ಕಾಗದ ನನ್ನ ಕೈಯಲ್ಲಿತ್ತು, ಅವಳು ನನ್ನ ಕಡೆಗೇ ನೋಡುತ್ತಿದ್ದಳು.

"ಅವನು" ಎಂದೆ.

ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿದೆ. ಆರು ಪುಟ ಬರೆದೆ ನಾನು. ಆ ಏಳು ಪದ ನನಗೆ ಹೊಳೆಯಲಿಲ್ಲ. ಮಂತ್ರಿ ಪದವಿ ಯಾರಿಗೆ ಬೇಕು, ಆ ಸಾಲು ನನ್ನದಾಗಬೇಕಿತ್ತು.